ಸಕ್ಕರೆ ಕಾಯಿಲೆಯ ಕಣ್ಣು, ಚೀನಾದ ಮೂಲಿಕೆ, ಕೈಜಾರುವ ಸಮಯ

(ಸಕ್ಕರೆ ಕಾಯಿಲೆ ಇರುವವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಾಗ ಚೀನಾದ ಸಾಂಪ್ರದಾಯಿಕ ಔಷಧಿಯಿಂದ ಉಪಯೋಗ ಇದೆಯಾ? ಇದನ್ನು ಕೇಳುವವರಲ್ಲಿ ಕಣ್ಣಿಗೆ ಸೂಜಿ ಅಂದ ಕೂಡಲೇ ಹೆದರಿದವರಿದ್ದಾರೆ, ಒಂದಾದ ಮೇಲೊಂದು ಇಂಜೆಕ್ಷನ್ ತೆಗೆದುಕೊಂಡು ಸಾಕಾಗಿ ಹೋದವರಿದ್ದಾರೆ, ಯಾರೋ ಕಳಿಸಿದ ಬಾಟಲಿಯ ಫೋಟೋ ಹಿಡಿದು ಬರುವವರೂ ಇದ್ದಾರೆ. ಇವರನ್ನು ಬೈದು ಕಳಿಸಿದರೆ ಏನೂ ಪ್ರಯೋಜನ ಇಲ್ಲ. ಹೆದರಿಕೆ ನಿಜವಾದದ್ದು, ಪ್ರಶ್ನೆಯೂ ನ್ಯಾಯವಾದದ್ದು. ಆದರೆ ಉತ್ತರ ಕಾಯಿಲೆ ಯಾವ ಹಂತದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಮೊದಲು ಕಣ್ಣಿನೊಳಗೆ ಏನಾಗುತ್ತದೆ ನೋಡೋಣ.

ಕಣ್ಣಿನ ಹಿಂಭಾಗದ ಒಳಪದರಕ್ಕೆ ರೆಟಿನಾ ಅನ್ನುತ್ತೇವೆ. ಬೆಳಕು ಬಿದ್ದು ಚಿತ್ರವಾಗುವ ಜಾಗ ಅದು. ಅದಕ್ಕೆ ರಕ್ತ ಒದಗಿಸುವ ನಾಳಗಳು ಕೂದಲಿಗಿಂತ ಸಣ್ಣವು. ಆ ನಾಳಗಳ ಗೋಡೆಯನ್ನು ಹೊರಗಿನಿಂದ ಅಪ್ಪಿ ಹಿಡಿದಿರುವ ಪೆರಿಸೈಟ್ ಎಂಬ ಕೋಶಗಳಿವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೊದಲು ಸಾಯುವವು ಇವೇ. ಹಿಡಿತ ತಪ್ಪಿದ ಕಡೆ ನಾಳ ಹಳೆಯ ಸೈಕಲ್ ಟ್ಯೂಬಿನ ಹಾಗೆ ಪುಟ್ಟದಾಗಿ ಉಬ್ಬುತ್ತದೆ. ಉಬ್ಬಿದ ಜಾಗದಿಂದ ರಕ್ತ, ನೀರು, ಕೊಬ್ಬು ಸೋರುತ್ತದೆ. ಸೋರಿದ ನೀರು ರೆಟಿನಾದ ನಡುಭಾಗಕ್ಕೆ, ಅಂದರೆ ಅಕ್ಷರ ಓದುವ, ಮುಖ ಗುರುತಿಸುವ ಮ್ಯಾಕ್ಯುಲಾ ಎಂಬ ಜಾಗಕ್ಕೆ ಸೇರಿದರೆ ಅಲ್ಲಿ ಊತ ಬಂದು ದೃಷ್ಟಿ ಮಂಜಾಗುತ್ತದೆ. ಇದು ಒಂದು ದಾರಿ.

ಇನ್ನೊಂದು ದಾರಿ ಇನ್ನೂ ಕೆಟ್ಟದ್ದು. ನಾಳಗಳು ಒಂದೊಂದಾಗಿ ಮುಚ್ಚಿ ಹೋದಾಗ ರೆಟಿನಾಕ್ಕೆ ಉಸಿರು ಕಟ್ಟುತ್ತದೆ. ಅದು ವಿಇಜಿಎಫ್ ಎಂಬ ಪ್ರೋಟೀನನ್ನು ಜಾಸ್ತಿ ಹೊರಬಿಡುತ್ತದೆ. ಅದರ ಕೆಲಸ ಹೊಸ ನಾಳ ಬೆಳೆಸುವುದು. ಕೇಳಲು ಒಳ್ಳೆಯದೇ ಅನಿಸುತ್ತದೆ, ಅಲ್ವಾ? ಆದರೆ ಬೆಳೆಯುವ ಹೊಸ ನಾಳಗಳು ಬಹಳ ದುರ್ಬಲ. ಬೆಳೆಯಬಾರದ ಕಡೆ ಬೆಳೆಯುತ್ತವೆ, ಒಡೆದು ಕಣ್ಣಿನೊಳಗೆ ರಕ್ತ ತುಂಬುತ್ತದೆ, ಗಾಯದ ಕಲೆಯಂಥ ಪೊರೆ ಬೆಳೆದು ರೆಟಿನಾವನ್ನೇ ಎಳೆದು ಕಿತ್ತು ಬಿಡುತ್ತದೆ. ಕಣ್ಣಿನ ಮುಂಭಾಗದಲ್ಲಿ ಬೆಳೆದರೆ ಒತ್ತಡ ಏರಿ ತುಂಬ ನೋವು ಕೊಡುವ ಗ್ಲಾಕೋಮಾ ಬರುತ್ತದೆ.

ಈ ಕೊನೆಯ ಹಂತ ಬಿಟ್ಟರೆ ಉಳಿದ ಯಾವ ಹಂತದಲ್ಲೂ ನೋವಿಲ್ಲ. ಕೆಂಪಾಗುವುದಿಲ್ಲ, ಉರಿಯುವುದಿಲ್ಲ. ಎಷ್ಟೋ ಜನರಿಗೆ ಹೊಸ ನಾಳ ಬೆಳೆದು ನಿಂತಿರುವ ದಿನವೂ ಚಾರ್ಟಿನ ಕೊನೆಯ ಸಾಲು ಓದಲು ಬರುತ್ತದೆ. "ನನಗೆ ಚೆನ್ನಾಗಿ ಕಾಣುತ್ತೆ, ಏನೂ ತೊಂದರೆ ಇಲ್ಲ" ಎಂಬ ಮಾತು ಈ ಕಾಯಿಲೆಯಲ್ಲಿ ನಂಬಲು ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಸುಮಾರು ಮೂವರಿಗೆ ಒಬ್ಬರ ರೆಟಿನಾದಲ್ಲಿ ಯಾವುದೋ ಒಂದು ಮಟ್ಟದ ತೊಂದರೆ ಇರುತ್ತದೆ. ಹನಿ ಹಾಕಿ ಪಾಪೆ ದೊಡ್ಡದು ಮಾಡಿ ನೋಡದೆ ಇದು ಗೊತ್ತಾಗುವುದಿಲ್ಲ.

ಈಗ ಆಧುನಿಕ ಚಿಕಿತ್ಸೆಯ ಬಗ್ಗೆ ಸ್ವಲ್ಪ. ಇದನ್ನು ಹೇಳದೆ ಮೂಲಿಕೆಯನ್ನು ಅಳೆಯಲು ಅಳತೆಗೋಲು ಸಿಗುವುದಿಲ್ಲ.

1976ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 1,700ಕ್ಕೂ ಹೆಚ್ಚು ರೋಗಿಗಳಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಲೇಸರ್ ಕೊಟ್ಟು ಇನ್ನೊಂದನ್ನು ಹಾಗೇ ಬಿಟ್ಟು ನೋಡಿದ್ದರು. ಇದು ಎಷ್ಟು ಗಟ್ಟಿಯಾದ ಪರೀಕ್ಷೆ ನೋಡಿ: ಅದೇ ಮನುಷ್ಯ, ಅದೇ ಸಕ್ಕರೆ, ಅದೇ ಊಟ, ಅದೇ ಬಿ.ಪಿ., ವ್ಯತ್ಯಾಸ ಲೇಸರ್ ಒಂದೇ. ಲೇಸರ್ ಬಿದ್ದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಇಷ್ಟು ಸ್ಪಷ್ಟವಾದ ಮೇಲೆ ಇನ್ನೊಂದು ಕಣ್ಣನ್ನು ಸುಮ್ನೆ ಬಿಡುವುದು ತಪ್ಪು ಎಂದು ಅಧ್ಯಯನದ ನಿಯಮವನ್ನೇ ಬದಲಿಸಿ ಆ ಕಣ್ಣುಗಳಿಗೂ ಚಿಕಿತ್ಸೆಯ ದಾರಿ ತೆರೆದರು. ಲೇಸರ್‌ಗೂ ಬೆಲೆ ಇದೆ. ಅಂಚಿನ ನೋಟ ಸ್ವಲ್ಪ ಹೋಗುತ್ತದೆ, ಕತ್ತಲಲ್ಲಿ ಕಾಣುವುದು ಕಡಿಮೆಯಾಗುತ್ತದೆ. ಅದನ್ನು ರೋಗಿಗೆ ಮೊದಲೇ ಹೇಳಬೇಕು. ಹಾಗೆ ಹೇಳದ ಕಾರಣಕ್ಕೇ ಎಷ್ಟೋ ಜನ ಲೇಸರ್ ಮೇಲೆ ನಂಬಿಕೆ ಕಳೆದುಕೊಂಡಿದ್ದಾರೆ.

ಸಕ್ಕರೆ ಹಿಡಿತದಲ್ಲಿಟ್ಟರೆ ಏನಾಗುತ್ತದೆ ಎಂಬುದು 1993ರಲ್ಲಿ ಖಚಿತವಾಯಿತು. ಟೈಪ್ 1 ಸಕ್ಕರೆ ಕಾಯಿಲೆಯ 1,441 ಜನರನ್ನು ವರ್ಷಗಳ ಕಾಲ ನೋಡಿದಾಗ, ಬಿಗಿ ಹಿಡಿತದಲ್ಲಿದ್ದವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಶುರುವಾಗುವ ಅಪಾಯ ಶೇ. 76ರಷ್ಟು ಕಡಿಮೆ ಇತ್ತು. ಟೈಪ್ 2ರಲ್ಲೂ ಸಕ್ಕರೆ, ಬಿ.ಪಿ. ಎರಡೂ ಮುಖ್ಯ ಎಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆಮೇಲೆ ವಿಇಜಿಎಫ್ ಅನ್ನು ತಡೆಯುವ ಇಂಜೆಕ್ಷನ್‌ಗಳು ಬಂದವು. ರೆಟಿನಾ ಊತ ಇರುವವರಲ್ಲಿ ಇವು ದೃಷ್ಟಿ ಬೀಳುವುದನ್ನು ನಿಲ್ಲಿಸುವುದಷ್ಟೇ ಅಲ್ಲ, ಹಲವರಲ್ಲಿ ಕಳೆದುಹೋದ ಸಾಲುಗಳನ್ನು ವಾಪಸ್ ತಂದವು. ರಕ್ತ ತುಂಬಿ ಕೂತರೆ, ಪೊರೆ ಎಳೆಯುತ್ತಿದ್ದರೆ ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಇದೆ.

ಇವೆಲ್ಲ ಸೇರಿ ಏನು ಮಾಡಬಲ್ಲವು ಎಂಬುದಕ್ಕೆ ಇಂಗ್ಲೆಂಡ್ ಒಂದು ಉದಾಹರಣೆ. ಅಲ್ಲಿ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ದಶಕಗಳ ಕಾಲ ಈ ಕಾಯಿಲೆಯೇ ಮೊದಲ ಕಾರಣವಾಗಿತ್ತು. 2009–10ರ ಲೆಕ್ಕದಲ್ಲಿ ಅದು ಮೊದಲ ಸ್ಥಾನದಿಂದ ಇಳಿಯಿತು. ಸಕ್ಕರೆ ಕಾಯಿಲೆ ಇರುವವರ ಸಂಖ್ಯೆ ಏರುತ್ತಿದ್ದಾಗಲೇ ಇದು ಆದದ್ದು. ಮನೆಗೆ ಕಾಗದ ಕಳಿಸಿ ಕರೆದು, ಎಲ್ಲರ ರೆಟಿನಾ ಫೋಟೋ ತೆಗೆಯುವ ವ್ಯವಸ್ಥೆಗೆ ಇದರಲ್ಲಿ ದೊಡ್ಡ ಪಾಲಿದೆ.

ಈಗ ಚೀನಾಕ್ಕೆ ಬರೋಣ.

ಚೀನೀ ವೈದ್ಯದಲ್ಲಿ ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ, ಸೊರಗುವಿಕೆ ಇರುವ ಕಾಯಿಲೆಗೆ ಶಿಯಾವೊಕೆ ಎಂಬ ಹೆಸರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಈ ಕಾಯಿಲೆ ಮುಂದೆ ಕಣ್ಣಿಗೂ ಕಿವಿಗೂ ತೊಂದರೆ ತರುತ್ತದೆ ಎಂದು 12ನೇ ಶತಮಾನದ ವೈದ್ಯ ಲಿಯು ವಾನ್‌ಸು ಬರೆದಿಟ್ಟಿದ್ದಾನೆ. ರಕ್ತಪರೀಕ್ಷೆ ಇಲ್ಲ, ಉಪಕರಣ ಇಲ್ಲ, ಬರೀ ರೋಗಿಗಳನ್ನು ವರ್ಷಗಟ್ಟಲೆ ನೋಡಿ ಈ ಸಂಬಂಧ ಹಿಡಿದದ್ದು ದೊಡ್ಡ ವಿಷಯ, ಅದಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಒಳಗಿನ ರೆಟಿನಾ ಅವರಿಗೆ ಕಾಣುತ್ತಿರಲಿಲ್ಲ. ಯಾರಿಗೂ ಕಾಣುತ್ತಿರಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಸಲಕರಣೆಯನ್ನು ಪ್ರಕಟಿಸುವ ತನಕ ಜೀವಂತ ಮನುಷ್ಯನ ರೆಟಿನಾ ಇಡೀ ಲೋಕಕ್ಕೆ ಕತ್ತಲೆಯೇ. ಹಾಗಾಗಿ ಹಳೆಯ ಚೀನೀ ನೇತ್ರವೈದ್ಯರು ಹೊರಗೆ ಕಂಡದ್ದನ್ನು ಅಂಗಾಂಗಗಳಿಗೆ ಜೋಡಿಸಿದರು. ಕಣ್ಣನ್ನು ಐದು ಚಕ್ರಗಳಾಗಿ ನೋಡಿದರು. ರೆಪ್ಪೆ ಗುಲ್ಮಕ್ಕೆ, ಕಣ್ಣಿನ ಮೂಲೆ ಹೃದಯಕ್ಕೆ, ಬಿಳಿಭಾಗ ಶ್ವಾಸಕೋಶಕ್ಕೆ, ಕಪ್ಪುಭಾಗ ಯಕೃತ್ತಿಗೆ, ಪಾಪೆ ಮೂತ್ರಪಿಂಡಕ್ಕೆ. ಸಕ್ಕರೆ ಕಾಯಿಲೆಯ ಕಣ್ಣಿನಲ್ಲಿ ಇಂದಿನ ಚೀನೀ ವೈದ್ಯರು ಸಾಮಾನ್ಯವಾಗಿ ಹೇಳುವುದು ಹೀಗೆ: ಮೊದಲು ಒಳಗಿನ ತಂಪು, ರಸ ಒಣಗುತ್ತದೆ, ಆಮೇಲೆ ಶಕ್ತಿಯೂ ಕುಂದುತ್ತದೆ, ರಕ್ತ ಸರಾಗವಾಗಿ ಹರಿಯದೆ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಈ ಕೊನೆಯ ಮಾತು ರೆಟಿನಾದಲ್ಲಿ ನಿಜವಾಗಿ ನಡೆಯುವುದಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಆದರೆ ವಿವರಣೆ ಹತ್ತಿರ ಬಂದ ಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ಇಲ್ಲೊಂದು ವಿಷಯ ಹೇಳಬೇಕು ಅನಿಸುತ್ತದೆ. ಕಣ್ಣಿನ ಪೊರೆಯನ್ನು (ಕ್ಯಾಟರಾಕ್ಟ್) ಸೂಜಿಯಿಂದ ಸರಿಸುವ ವಿದ್ಯೆ ಚೀನಾಕ್ಕೆ ಹೋದದ್ದು ಭಾರತದಿಂದ. ಟ್ಯಾಂಗ್ ರಾಜವಂಶದ ಕಾಲದ ಕವಿ ಲಿಯು ಯೂಶಿ, ತನ್ನ ಕಣ್ಣು ನೋಡಿದ ಬ್ರಾಹ್ಮಣ ವೈದ್ಯನಿಗೆ ಒಂದು ಪದ್ಯವನ್ನೇ ಬರೆದಿದ್ದಾನೆ. ಅಂದರೆ ಈ ಪರಂಪರೆ ಎಂದೂ ಬಾಗಿಲು ಹಾಕಿಕೊಂಡು ಕೂತದ್ದಲ್ಲ, ಉಪಯೋಗಕ್ಕೆ ಬಂದದ್ದನ್ನು ಹೊರಗಿನಿಂದ ತಗೊಂಡಿದೆ. ಇವತ್ತೂ ಹಾಗೇ ಇದೆ. ಚೀನಾದ ದೊಡ್ಡ ಸಾಂಪ್ರದಾಯಿಕ ವೈದ್ಯ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ಕಷಾಯದ ಜೊತೆಗೆ ಲೇಸರ್ ಯಂತ್ರವೂ ಇರುತ್ತದೆ. ಚೆಂಗ್ಡು ನಗರದ ಸಾಂಪ್ರದಾಯಿಕ ವೈದ್ಯ ವಿಶ್ವವಿದ್ಯಾಲಯದಲ್ಲಿ ಈ ಕಾಯಿಲೆಗೆಂದೇ ಚಿಮಿಂಗ್ ಎಂಬ ಮೂಲಿಕೆ ಪುಡಿ ರೂಪುಗೊಂಡಿತು. ಕಾನ್‌ಬರ್ಸೆಪ್ಟ್ ಎಂಬ ವಿಇಜಿಎಫ್ ತಡೆಯುವ ಇಂಜೆಕ್ಷನ್ ತಯಾರಾದದ್ದೂ ಅದೇ ನಗರದಲ್ಲಿ, 2013ರಲ್ಲಿ ಅದಕ್ಕೆ ಚೀನಾದಲ್ಲಿ ಮೊದಲ ಅನುಮತಿ ಸಿಕ್ಕಿತು. "ಚೀನಾದಲ್ಲಿ ಇಂಜೆಕ್ಷನ್ ಇಲ್ಲದೆ ಗುಣ ಮಾಡ್ತಾರೆ" ಎಂದು ಯಾರಾದರೂ ಮಾರಲು ಬಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ಮೂಲಿಕೆಗಳಲ್ಲಿ ಏನಿದೆ? ಚಿಮಿಂಗ್‌ನಲ್ಲಿ ಹುವಾಂಗ್‌ಚಿ ಬೇರು, ಗೋಜಿ ಹಣ್ಣು, ಇನ್ನೂ ಕೆಲವು ಗಿಡಮೂಲಿಕೆಗಳ ಜೊತೆಗೆ ಒಣಗಿಸಿದ ಜಿಗಣೆಯೂ ಇದೆ. ಇನ್ನೊಂದು ಕ್ಯಾಪ್ಸೂಲಿನಲ್ಲಿ ಸಾನ್‌ಚಿ, ಡಾನ್‌ಶೆನ್, ಹುವಾಂಗ್‌ಚಿ, ಶ್ವಾನ್‌ಶೆನ್ ಎಂಬ ನಾಲ್ಕು ಬೇರುಗಳಿವೆ, ಅದು ರೆಟಿನಾದ ರಕ್ತನಾಳ ಕಟ್ಟಿಕೊಂಡವರಿಗೂ ಕೊಡುವಂಥದ್ದು. ಹೆಚ್ಚು ಹೆಸರು ಮಾಡಿರುವುದು ಡಾನ್‌ಶೆನ್, ಸಾನ್‌ಚಿ, ಬೋರ್ನಿಯಾಲ್ ಎಂಬ ಕರ್ಪೂರದಂಥ ವಸ್ತು ಸೇರಿಸಿ ಮಾಡಿದ ಸಣ್ಣ ಗುಳಿಗೆ. ಅದು ಮೂಲತಃ ಎದೆನೋವಿಗೆ ಕೊಡುತ್ತಿದ್ದದ್ದು.

ಈ ಗುಳಿಗೆಯ ಮೇಲೆ ಚೀನಾದಲ್ಲಿ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ, 2015ರಲ್ಲಿ ಪ್ರಕಟವಾಯಿತು. ಆರಂಭದ ಹಂತದ 223 ರೋಗಿಗಳು, ಹಲವು ಆಸ್ಪತ್ರೆಗಳು, ಯಾರಿಗೆ ನಿಜವಾದ ಗುಳಿಗೆ ಯಾರಿಗೆ ಔಷಧಿ ಇಲ್ಲದ ಗುಳಿಗೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. 24 ವಾರಗಳ ನಂತರ ಔಷಧಿ ತಗೊಂಡವರ ರೆಟಿನಾ ಚಿತ್ರಗಳು ಉತ್ತಮವಾಗಿ ಕಂಡವು. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಮೂಲಿಕೆ ಎಂದ ಮಾತ್ರಕ್ಕೆ ಮೂಗು ಮುರಿಯುವವರು ಇದನ್ನು ಓದಬೇಕು.

ಆದರೆ ಎಚ್ಚರದಿಂದ ಓದಬೇಕು. 24 ವಾರ ಅಂದರೆ ಆರು ತಿಂಗಳೂ ಪೂರ್ತಿ ಇಲ್ಲ. ಈ ಕಾಯಿಲೆ ಹತ್ತಾರು ವರ್ಷ ನಡೆಯುವಂಥದ್ದು. ಸಣ್ಣ ಉಬ್ಬುಗಳು, ಚುಕ್ಕೆ ರಕ್ತಸ್ರಾವಗಳು ತಾವಾಗಿಯೇ ಬಂದು ಹೋಗುತ್ತವೆ. ಔಷಧಿ ಇಲ್ಲದ ಗುಳಿಗೆ ನುಂಗಿದ ಗುಂಪಿನಲ್ಲೂ ಕೆಲವರ ಚಿತ್ರ ಸುಧಾರಿಸಿತ್ತು. ಚಿತ್ರ ಚೆನ್ನಾಗಿ ಕಾಣುವುದು ಬೇರೆ, ಐದು ವರ್ಷದ ಮೇಲೆ ಲೇಸರ್ ಬೇಕಾಗದೆ ಹೋಗುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಇನ್ನೊಂದು ತೊಡಕು ಹೋಲಿಕೆಯದು. ಬಹಳಷ್ಟು ಚೀನೀ ಅಧ್ಯಯನಗಳಲ್ಲಿ ಮೂಲಿಕೆಯನ್ನು ಕ್ಯಾಲ್ಸಿಯಂ ಡೋಬೆಸಿಲೇಟ್ ಎಂಬ ಮಾತ್ರೆಗೆ ಹೋಲಿಸಿ "ಅದಕ್ಕಿಂತ ಉತ್ತಮ" ಎಂದು ಬರೆದಿರುತ್ತಾರೆ. ಆ ಮಾತ್ರೆಯ ಕಥೆ ಏನು? ಅದು ಮ್ಯಾಕ್ಯುಲಾ ಊತ ಬರುವುದನ್ನು ತಡೆಯುತ್ತದಾ ಎಂದು 635 ರೋಗಿಗಳಲ್ಲಿ ನೋಡಿದ ದೊಡ್ಡ ಅಧ್ಯಯನ 2009ರಲ್ಲಿ ಬಂತು. ತಡೆಯಲಿಲ್ಲ. ದುರ್ಬಲನ ಜೊತೆ ಓಟಕ್ಕೆ ನಿಂತು ಗೆದ್ದರೆ ಎಷ್ಟು ವೇಗ ಎಂದು ಗೊತ್ತಾಗುವುದಿಲ್ಲ. ಇದರ ಮೇಲೆ ರೋಗಿಗಳ ಸಂಖ್ಯೆ ಕಡಿಮೆ, ಯಾರು ಏನು ತಗೊಂಡಿದ್ದಾರೆ ಎಂದು ಎಲ್ಲರಿಗೂ ಗೊತ್ತು, ಫಲಿತಾಂಶ ಬರೀ "ಪರಿಣಾಮಕಾರಿ" ಎಂಬ ಒಂದು ಪದದಲ್ಲಿ. ಇಂಥ ನೂರು ಅಧ್ಯಯನ ಕೂಡಿಸಿದರೂ ಲೇಸರ್‌ನ ಆ ಒಂದು ಅಧ್ಯಯನದ ತೂಕ ಬರುವುದಿಲ್ಲ.

ಹಾಗಂತ ಬಾಯಿಂದ ನುಂಗುವ ಮಾತ್ರೆಗೆ ಕಣ್ಣನ್ನು ಕಾಪಾಡಲು ಆಗುವುದೇ ಇಲ್ಲ ಅಂತಲ್ಲ. ಫೆನೋಫೈಬ್ರೇಟ್ ಎಂಬ ಕೊಬ್ಬಿನ ಮಾತ್ರೆ ಇದೆ, ಹಳೆಯದು. 9,795 ಜನರ ಹೃದಯದ ಅಧ್ಯಯನವೊಂದರಲ್ಲಿ ಅದನ್ನು ತಗೊಂಡವರಿಗೆ ರೆಟಿನಾ ಲೇಸರ್ ಬೇಕಾಗುವುದು ಸುಮಾರು ಶೇ. 30 ಕಡಿಮೆಯಾದದ್ದು ಕಂಡುಬಂತು. ಆಮೇಲೆ ಸ್ಕಾಟ್ಲೆಂಡ್‌ನಲ್ಲಿ 1,151 ಜನರನ್ನು ಕಣ್ಣಿಗಾಗಿಯೇ ವರ್ಷಗಳ ಕಾಲ ನೋಡಿ, 2024ರಲ್ಲಿ ಕಾಯಿಲೆ ಮುಂದುವರಿಯುವುದು ಶೇ. 27 ಕಡಿಮೆ ಎಂದು ತೋರಿಸಿದರು. ಡಾನ್‌ಶೆನ್ ಗುಳಿಗೆಗೂ ಇಂಥ ಪರೀಕ್ಷೆ ಮಾಡಬಹುದು. ಮಾಡಬೇಕು. ಹಳೆಯ ಚೀನೀ ಪುಸ್ತಕದ ಸುಳಿವು ಹಿಡಿದು ಮಲೇರಿಯಾ ಔಷಧಿ ಹುಡುಕಿದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅವರು ಪುಸ್ತಕವನ್ನು ನಂಬಿ ಸುಮ್ಮನೆ ಕೂರಲಿಲ್ಲ, ಪ್ರಯೋಗಾಲಯಕ್ಕೆ ಒಯ್ದು ಸೋಸಿ, ಅಳೆದು, ಪರೀಕ್ಷಿಸಿದರು. 14 ಕೋಟಿ ಸಕ್ಕರೆ ಕಾಯಿಲೆಯವರಿರುವ ದೇಶಕ್ಕೆ ಇಂಥ ದೊಡ್ಡ ಪರೀಕ್ಷೆ ಮಾಡಲು ರೋಗಿಗಳ ಕೊರತೆ ಇಲ್ಲ.

ಈಗ ಅಪಾಯಗಳು. ಇಲ್ಲಿ ದಯವಿಟ್ಟು ಗಮನ ಕೊಡಿ.

ಡಾನ್‌ಶೆನ್, ಸಾನ್‌ಚಿ ರಕ್ತದ ಹರಿವಿಗೆ ಕೊಡುವ ಮೂಲಿಕೆಗಳು. ಹೃದಯದ ತೊಂದರೆಗೆ ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾನ್‌ಶೆನ್ ಸೇರಿಸಿಕೊಂಡರೆ ರಕ್ತ ಅತಿಯಾಗಿ ತೆಳುವಾಗಿ ರಕ್ತಸ್ರಾವವಾದ ಪ್ರಕರಣಗಳು ದಾಖಲಾಗಿವೆ. ಕಣ್ಣಿನೊಳಗೆ ಆಗಲೇ ರಕ್ತ ಸುರಿಯುತ್ತಿದ್ದರೆ ಏನು ಮಾಡುವುದು? ಒಳ್ಳೆಯ ಚೀನೀ ವೈದ್ಯರೇ ಹೊಸ ರಕ್ತಸ್ರಾವದಲ್ಲಿ ಮೊದಲು ರಕ್ತ ನಿಲ್ಲಿಸುವ ಮೂಲಿಕೆ ಕೊಟ್ಟು, ಅದು ನಿಂತ ಮೇಲೆ ಹರಿವಿನ ಮೂಲಿಕೆಗೆ ಹೋಗುತ್ತಾರೆ. ಆನ್‌ಲೈನ್‌ನಲ್ಲಿ ಬಾಟಲಿ ತರಿಸಿಕೊಂಡವರಿಗೆ ಈ ಹಂತ ನೋಡಿ ಹೇಳುವವರು ಯಾರೂ ಇರುವುದಿಲ್ಲ.

ಚೀನಾದಲ್ಲಿ ಶಿಯಾವೊಕೆ ವಾನ್ ಎಂಬ ಸಕ್ಕರೆ ಕಾಯಿಲೆ ಗುಳಿಗೆ ಬಹಳ ಜನಪ್ರಿಯ. ಅದರಲ್ಲಿ ಮೂಲಿಕೆಗಳ ಜೊತೆ ಗ್ಲಿಬೆನ್‌ಕ್ಲಮೈಡ್ ಎಂಬ ಸಾಮಾನ್ಯ ಅಲೋಪತಿ ಮಾತ್ರೆಯ ಔಷಧಿಯೇ ಇದೆ, 10 ಗುಳಿಗೆಗೆ 2.5 ಮಿಲಿಗ್ರಾಂ. ಅದು ಕಾನೂನಿನ ಪ್ರಕಾರವೇ ಸೇರಿಸಿದ್ದು, ಲೇಬಲ್‌ನಲ್ಲಿ ಬರೆದಿರುತ್ತದೆ. ಆದರೆ ಮೂಲಿಕೆ ಎಂದುಕೊಂಡು ತಮ್ಮ ಮಾಮೂಲಿ ಮಾತ್ರೆಯ ಜೊತೆ ಇದನ್ನೂ ನುಂಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಲೇಬಲ್‌ನಲ್ಲಿ ಬರೆಯದೆ ಸೇರಿಸುವುದು ಇನ್ನೂ ಘೋರ. 2009ರಲ್ಲಿ ಚೀನಾದ ಶಿನ್‌ಜಿಯಾಂಗ್‌ನಲ್ಲಿ ಇದೇ ಔಷಧಿಯನ್ನು ಅತಿಯಾಗಿ ಬೆರೆಸಿದ ನಕಲಿ ಕ್ಯಾಪ್ಸೂಲ್ ನುಂಗಿ ಇಬ್ಬರು ಸತ್ತರು.

ಮೂತ್ರಪಿಂಡದ ವಿಷಯ ಇನ್ನೊಂದು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದವರಲ್ಲಿ ಬಹಳಷ್ಟು ಜನರ ಮೂತ್ರಪಿಂಡಕ್ಕೂ ಇಳಿದಿರುತ್ತದೆ, ಏಕೆಂದರೆ ಎರಡೂ ಕಡೆ ಪೆಟ್ಟು ತಿನ್ನುವುದು ಸಣ್ಣ ನಾಳಗಳೇ. ಅರಿಸ್ಟೊಲೋಕಿಕ್ ಆಮ್ಲ ಇರುವ ಕೆಲವು ಚೀನೀ ಮೂಲಿಕೆಗಳು ಮೂತ್ರಪಿಂಡವನ್ನೇ ಸುಟ್ಟುಹಾಕುತ್ತವೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಇಂಥದ್ದನ್ನು ತಗೊಂಡ ಹಲವು ಹೆಂಗಸರ ಮೂತ್ರಪಿಂಡ ಕೆಟ್ಟುಹೋದ ಮೇಲೆ ಲೋಕಕ್ಕೆ ಇದು ಗೊತ್ತಾಯಿತು. ಅಂಥ ಒಂದು ಮೂಲಿಕೆಯನ್ನು ಚೀನಾವೇ 2003ರಲ್ಲಿ ನಿಲ್ಲಿಸಿತು. ಇನ್ನು ಜ್ಯೇಷ್ಠಮಧು. ಚೀನೀ ಕಷಾಯಗಳಲ್ಲಿ ಬಹಳ ಸಾಮಾನ್ಯ. ಅದು ಜಾಸ್ತಿಯಾದರೆ ಬಿ.ಪಿ. ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಬಿ.ಪಿ. ಹಿಡಿತದಲ್ಲಿರುವುದು ರೆಟಿನಾಕ್ಕೆ ಎಷ್ಟು ಮುಖ್ಯ ಎಂದು ಆಗಲೇ ಹೇಳಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾತ್ರ ಗುಳಿಗೆಯೊಳಗೆ ಇಲ್ಲ. ಅದು ಕ್ಯಾಲೆಂಡರ್‌ನಲ್ಲಿದೆ. ಹೊಸ ನಾಳ ಬೆಳೆದ ಕಣ್ಣಿಗೆ ಲೇಸರ್ ಅಥವಾ ಇಂಜೆಕ್ಷನ್ ಬೇಕು ಎಂದು ಹೇಳಿದ ಮೇಲೆ, ಮೂರು ತಿಂಗಳು ಮೂಲಿಕೆ ನೋಡೋಣ ಎಂದು ಹೋದವರ ಕಣ್ಣು ಕಾಯುತ್ತಾ ಕೂರುವುದಿಲ್ಲ. ಆ ಮೂರು ತಿಂಗಳಲ್ಲಿ ರಕ್ತ ತುಂಬಬಹುದು, ರೆಟಿನಾ ಕಿತ್ತು ಬರಬಹುದು. ಆಮೇಲೆ ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ನಡೆದರೂ ಮೊದಲಿನ ದೃಷ್ಟಿ ಬರುವುದು ಕಷ್ಟ. ಆದ್ದರಿಂದ ಯಾವ ಔಷಧಿ ಬಗ್ಗೆ ಯಾರು ಏನು ಹೇಳಿದರೂ ನಾನು ಕೇಳುವುದು ಇಷ್ಟೇ. ಕಾಯಿಲೆ ಯಾವ ಹಂತದಲ್ಲಿದೆ? ಗುಣ ಎಂದು ಅಳೆದದ್ದು ಏನನ್ನು? ಯಾವುದರ ಜೊತೆ ಹೋಲಿಸಿದ್ದು? ಇದರಿಂದ ಲೇಸರ್, ಇಂಜೆಕ್ಷನ್ ತಡವಾಗುತ್ತದಾ? ಕೊನೆಯದಕ್ಕೆ ಉತ್ತರ ಹೌದು ಎಂದಾದರೆ ಮಾತು ಅಲ್ಲಿಗೆ ಮುಗಿಯಿತು.

ಪ್ರಶ್ನೆಗಳಿಗೆ ಬರುತ್ತೇನೆ.

ಅಕ್ಯುಪಂಕ್ಚರ್ (ಮೈಯ ಬಿಂದುಗಳಿಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಮಾಡಿಸಬಹುದಾ ಎಂದು ಒಬ್ಬರು ಕೇಳಿದರು. ಈ ಕಾಯಿಲೆಗೆ ಅದರಿಂದ ದೃಷ್ಟಿ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಕೈ, ಕಾಲಿನ ಬಿಂದುಗಳ ಬಗ್ಗೆ ನನಗೆ ಹೆಚ್ಚು ಆತಂಕ ಇಲ್ಲ. ಕಣ್ಣುಗುಡ್ಡೆಯ ಸುತ್ತ ಸೂಜಿ ಚುಚ್ಚುವುದು ಬೇಡ, ಅಲ್ಲಿ ರಕ್ತ ಕಟ್ಟುವ, ಗುಡ್ಡೆಗೇ ತಗಲುವ ಅಪಾಯ ಇದೆ.

ಇಂಜೆಕ್ಷನ್ ಹೆದರಿಕೆಯ ಬಗ್ಗೆ ಕೇಳಿದವರಿಗೆ: ಮೊದಲು ಹನಿ ಹಾಕಿ ಮರಗಟ್ಟಿಸುತ್ತಾರೆ. ಸೂಜಿ ಬಹಳ ಸಣ್ಣದು, ಚುಚ್ಚುವುದು ಬಿಳಿಭಾಗದಲ್ಲಿ, ಕೆಲಸ ಕೆಲವೇ ಸೆಕೆಂಡು. ಹೆಚ್ಚಿನವರು ಒತ್ತಿದ ಹಾಗಾಯಿತು ಎನ್ನುತ್ತಾರೆ. ಸೋಂಕು ತಗಲುವುದು ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ. ಮೊದಲ ವರ್ಷ ಹೆಚ್ಚು ಸಲ ಬೇಕಾಗುತ್ತದೆ, ಆಮೇಲೆ ಅಂತರ ಜಾಸ್ತಿಯಾಗುತ್ತದೆ. ಬೇಸರ ಬಂದರೆ ನಿಮ್ಮ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹೇಳದೆ ಬಿಟ್ಟುಬಿಡುವವರ ಕಣ್ಣೇ ಜಾಸ್ತಿ ಹಾಳಾಗುವುದು. ಬರಲು ಕಷ್ಟ ಇರುವವರಿಗೆ ಲೇಸರ್ ಆರಿಸುವ ದಾರಿಯೂ ಇದೆ.

ಸಕ್ಕರೆಯನ್ನು ಒಮ್ಮೆಲೇ ಇಳಿಸಿದರೆ ಕಣ್ಣಿಗೆ ಒಳ್ಳೆಯದಲ್ವಾ ಎಂಬ ಪ್ರಶ್ನೆ ಬಂತು. ಬಹಳ ಏರಿದ್ದ ಸಕ್ಕರೆ ತೀರಾ ಬೇಗ ಇಳಿದರೆ ಮೊದಲ ಕೆಲವು ತಿಂಗಳು ರೆಟಿನಾ ತೊಂದರೆ ಜಾಸ್ತಿಯಾಗುವುದುಂಟು. ಇದಕ್ಕೆ ಹೆದರಿ ಸಕ್ಕರೆ ಏರಿಸಿಕೊಂಡೇ ಇರಬೇಡಿ. ದೂರದ ಲಾಭ ಬಹಳ ದೊಡ್ಡದು. ಆದರೆ ಇನ್ಸುಲಿನ್ ಅಥವಾ ಹೊಸ ಪ್ರಬಲ ಔಷಧಿ ಶುರು ಮಾಡುವ ಮೊದಲು ಒಮ್ಮೆ ರೆಟಿನಾ ತೋರಿಸಿ. ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು ಕೂಡ.

ಕೊನೆಗೆ ಒಬ್ಬ ಹೆಂಗಸು ಕೇಳಿದರು, "ನಮ್ಮ ಮನೆಯವರು ಈಗಾಗಲೇ ಚೀನೀ ಗುಳಿಗೆ ತಗೊಳ್ತಾ ಇದ್ದಾರೆ, ನಿಲ್ಲಿಸಬೇಕಾ?" ವಾರ್ಫರಿನ್ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಬಾಟಲಿಯ ಮೇಲೆ ಒಳಗಿರುವುದೇನು ಎಂದು ಬರೆದಿಲ್ಲದಿದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಉಳಿದವರು ಬಾಟಲಿಯನ್ನು ಜೊತೆಗೇ ತಗೊಂಡು ಹೋಗಿ, ಮುಚ್ಚಿಡಬೇಡಿ. ಕಣ್ಣಿನ ಡಾಕ್ಟರಿಗೂ ಸಕ್ಕರೆ ಡಾಕ್ಟರಿಗೂ ತೋರಿಸಿ. ಈಗಿನ ರೆಟಿನಾ ಫೋಟೋ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ. ಕಣ್ಣ ಮುಂದೆ ಒಮ್ಮೆಲೇ ಕಪ್ಪು ಚುಕ್ಕೆಗಳು, ಜೇಡರ ಬಲೆಯಂಥ ಎಳೆಗಳು ತೇಲಿದರೆ, ಪರದೆ ಇಳಿದ ಹಾಗಾದರೆ, ನೆಟ್ಟಗಿನ ಗೆರೆ ಸೊಟ್ಟ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ಹೋಗಿ. ಪರೀಕ್ಷೆಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಂಜಾಗಿ ಕಾಣುತ್ತದೆ, ಬಿಸಿಲು ಕುಕ್ಕುತ್ತದೆ. ಅವರಿಗೆ ಗಾಡಿ ಓಡಿಸಲು ಬಿಡಬೇಡಿ, ನೀವೇ ಜೊತೆಗೆ ಹೋಗಿ.